ಬಂದಾನ, ಬಂದಾನು, ಬಂದಾನಂತ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸುತ್ತಿರುವ ಸಮಸ್ತ ಗುರುಗಳಿಗೆ ಮತ್ತು ಗುರುಮಾತೆಯರಿಗೆ,



ನಿಮ್ಮಂತೆಯೇ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ವಯಸ್ಸು ಕಳೆದವಳು ನಾನು. ನಿವೃತ್ತಿಯಾದ ಮೇಲೂ ಓಣಿಯ ಮಕ್ಕಳು ಸಂಜೆ ಹೊತ್ತು ನಮ್ಮ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ, ಪ್ರಬಂಧ ತೋರಿಸುತ್ತಾರೆ, ಪತ್ರಲೇಖನ ಬರೆದು ತಿದ್ದಿಸಿಕೊಳ್ಳುತ್ತಾರೆ. ಅವರ ನೋಟುಬುಕ್ಕುಗಳನ್ನು ನೋಡುತ್ತ ಬಂದಂತೆ ಒಂದು ವಿಷಯ ನನ್ನನ್ನು ಬಹಳ ಕಾಡತೊಡಗಿತು. ಅದನ್ನು ನಿಮ್ಮ ಮುಂದೆ ಅಲ್ಲದೆ ಬೇರೆ ಯಾರ ಮುಂದೆ ಇಡಲಿ?

ನಮ್ಮ ಮಕ್ಕಳು ತಾವು ಕಂಡದ್ದನ್ನು, ತಮಗೆ ಅನ್ನಿಸಿದ್ದನ್ನು, ಇನ್ನೊಬ್ಬರು ಹೇಳಿದ್ದನ್ನು ಒಂದೇ ಧಾಟಿಯಲ್ಲಿ ಬರೆಯುತ್ತಿದ್ದಾರೆ. ಎಲ್ಲವೂ "ಇದೆ", "ಆಗಿದೆ", "ಮಾಡಿದ್ದಾರೆ" ಎಂದು ಮುಗಿಯುತ್ತದೆ. ಹಾಳೆಯ ಮೇಲೆ ಊಹೆಗೂ ತಿಳಿವಳಿಕೆಗೂ ಗೆರೆಯೇ ಉಳಿದಿಲ್ಲ. ಆಶ್ಚರ್ಯವೆಂದರೆ, ಇದೇ ಮಕ್ಕಳು ಮಾತಾಡುವಾಗ ಈ ಗೆರೆಯನ್ನು ಒಮ್ಮೆಯೂ ದಾಟುವುದಿಲ್ಲ.

ನಿಮ್ಮ ತರಗತಿಯ ಯಾವ ಹುಡುಗನನ್ನಾದರೂ ನಿಲ್ಲಿಸಿ ಕೇಳಿರಿ: "ನಿಮ್ಮ ಕಾಕಾ ಊರಿಂದ ಬಂದಾನೇನಪಾ?" ತಾನೇ ನೋಡಿದ್ದರೆ "ಬಂದಾನ್ರಿ" ಎನ್ನುತ್ತಾನೆ. ನೋಡಿಲ್ಲ, ಅವ್ವ ಫೋನಿನಲ್ಲಿ ಹೇಳಿದ್ದಾಳೆ, ಆಗ "ಬಂದಾನಂತ್ರಿ". ಯಾರೂ ಹೇಳಿಲ್ಲ, ಶಾಲೆಗೆ ಬರುವಾಗ ಬಾಗಿಲ ಮುಂದೆ ಕಾಕಾನ ಮೋಟಾರ್‌ಸೈಕಲ್ ನಿಂತದ್ದು ಕಣ್ಣಿಗೆ ಬಿದ್ದಿದೆ, ಆಗ "ಬಂದಿರಬೇಕ್ರಿ". ಇನ್ನೂ ಬಂದಿಲ್ಲ, ಬಂದರೂ ಬರಬಹುದು ಎಂದಿದ್ದರೆ "ಸಂಜೀಮಟ ಬಂದಾನು". ಎಂಟನೇ ತರಗತಿಯ ಹುಡುಗ, ಯಾವ ವ್ಯಾಕರಣದ ಪುಸ್ತಕವನ್ನೂ ಓದದೆ, ತನ್ನ ಮಾತಿಗೆ ಆಧಾರವೇನು ಎಂಬುದನ್ನು ಕ್ರಿಯಾಪದದ ತುದಿಯಲ್ಲೇ ಹೇಳಿಬಿಡುತ್ತಾನೆ. ಅದೇ ಹುಡುಗನಿಗೆ "ಬರಿ" ಎಂದರೆ ನಾಲ್ಕಕ್ಕೂ "ಬಂದಿದ್ದಾರೆ" ಎಂದೇ ಬರೆಯುತ್ತಾನೆ. ಶಾಲೆಗೆ ಬಂದು ಅವನು ಏನನ್ನೋ ಕಳಕೊಂಡಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಅದನ್ನು ಮರಳಿ ಕೊಡುವ ಶಕ್ತಿ ನಿಮಗಿದೆ.

"ಬಂದಾನ" ಮತ್ತು "ಬಂದಾನು", ಈ ಎರಡರ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಭಾಗದ ಮಾತಿನಲ್ಲಿ ಇವೆರಡರ ನಡುವೆ ಇರುವುದು ಕೊನೆಯ ಒಂದು ಸ್ವರ ಮಾತ್ರ. ಮೊದಲನೆಯದು ನಡೆದ ಸಂಗತಿ, ಎರಡನೆಯದು ನಡೆಯಬಹುದಾದ ಸಂಗತಿ. ಬಂದಾಳ, ಬಂದಾಳು, ಬಂದಾರ, ಬಂದಾರು. "ರೇಟ ಏರೇತಿ" ಎಂದರೆ ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ದರ ಏರಿಯೇ ಬಿಟ್ಟಿದೆ. "ರೇಟ ಏರೀತು" ಎಂದರೆ ಇನ್ನೆರಡು ವಾರ ಕಾದು ನೋಡೋಣ ಎಂದು ಹತ್ತಿಯನ್ನು ಮನೆಯಲ್ಲೇ ಇಟ್ಟುಕೊಂಡ ರೈತನ ಮನಸ್ಸಿನ ಮಾತು. ನಮ್ಮ ಹಿರಿಯ ಹೆಣ್ಣುಮಕ್ಕಳು "ಕತ್ತಲ್ಯಾಗ ಹೋಗಬ್ಯಾಡ, ಬಿದ್ದೀ" ಎನ್ನುತ್ತಾರೆ. "ಹಾಲು ಉಕ್ಕೀತು, ನೋಡ" ಎನ್ನುತ್ತಾರೆ. "ಮಳಿ ಬಂದೀತು, ಕಾಳು ಒಳಗ ತಗೀರಿ" ಎನ್ನುತ್ತಾರೆ. ಬಿದ್ದಿಲ್ಲ, ಉಕ್ಕಿಲ್ಲ, ಬಂದಿಲ್ಲ. ಆದೀತೆಂಬ ಅಂಜಿಕೆಯನ್ನು, ಆಸೆಯನ್ನು, ಊಹೆಯನ್ನು ಹೇಳಲು ಕನ್ನಡದ ಕ್ರಿಯಾಪದಕ್ಕೆ ತನ್ನದೇ ರೂಪವಿದೆ. ಬೇರೆ ಕಡೆ "ಬರಬಹುದು" ಎಂಬ ಒಂದೇ ರೂಪ ಈ ಕೆಲಸವನ್ನೆಲ್ಲ ಹೊತ್ತುಕೊಳ್ಳುತ್ತಿರುವಾಗ, ನಮ್ಮ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಹಳೆಯ ರೂಪ ಇನ್ನೂ ದಿನಬಳಕೆಯಲ್ಲಿದೆ.

ಇದರ ಹೆಸರು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ವರ್ಷವರ್ಷವೂ ಹಲಗೆಯ ಮೇಲೆ ಬರೆಯುತ್ತೇವೆ. "ಬಂದಾನು" ಯಾವ ರೂಪ ಎಂದು ಕೇಳುತ್ತೇವೆ, ಮಗು "ಸಂಭಾವನಾರ್ಥಕ" ಎಂದು ಬರೆಯುತ್ತದೆ, ಒಂದು ಅಂಕ ಸಿಗುತ್ತದೆ. ಅಲ್ಲಿಗೆ ಮುಗಿಯಿತು. ಅದೇ ಮಗು "ನಮ್ಮ ಊರಿನ ಕುಡಿಯುವ ನೀರಿನ ಸಮಸ್ಯೆ" ಎಂಬ ಪ್ರಬಂಧದಲ್ಲಿ ಒಮ್ಮೆಯಾದರೂ "ಬೋರ್‌ವೆಲ್ ಬತ್ತೀತು" ಎಂದು ಬರೆದದ್ದನ್ನು ನೀವು ನೋಡಿದ್ದೀರಾ? ಅದು ಗ್ರಾಂಥಿಕವಲ್ಲ ಎಂದು ಮಗು ತಿಳಿದುಕೊಂಡಿದೆ. ಆದರೆ ಅದು ಪೂರ್ಣ ಗ್ರಾಂಥಿಕವೇ. ವ್ಯಾಕರಣ ಪಾಠದಲ್ಲೇ ಅಚ್ಚಾಗಿದೆ.

ನನ್ನ ಅಣ್ಣನ ಮಗಳು ಇಂಜಿನಿಯರಿಂಗ್‌ನಲ್ಲಿ ಹೆಚ್ಚಿನ ಓದಿಗೆ ಇಟಲಿಯ ತೂರಿನ್ ನಗರಕ್ಕೆ ಹೋಗಿದ್ದಾಳೆ. ಅಲ್ಲಿ ಇಟಾಲಿಯನ್ ಭಾಷೆಯ ತರಗತಿಗೂ ಹೋಗುತ್ತಾಳೆ. ಒಂದು ರಾತ್ರಿ ಫೋನ್ ಮಾಡಿ, "ಅತ್ತಿ, ಇವರ ವ್ಯಾಕರಣ ಬಾಳ ತ್ರಾಸ ಐತಿ. ಗೊತ್ತೈತಿ ಅಂದ್ರ ಒಂದು ಕ್ರಿಯಾಪದ, ಅನಸ್ತೈತಿ ಅಂದ್ರ ಬ್ಯಾರೆ ಕ್ರಿಯಾಪದ" ಎಂದು ಗೋಳಾಡಿದಳು. ಅವಳು ಹೇಳಿದ್ದನ್ನು ಕೇಳುತ್ತ ಕೇಳುತ್ತ ನನಗೆ ಹಿಗ್ಗಾಯಿತು. ಇಟಾಲಿಯನ್ ಭಾಷೆಯಲ್ಲಿ "ಮಾರ್ಕೊ ಮಾತಾಡುತ್ತಾನೆ ಎಂದು ನನಗೆ ಗೊತ್ತು" ಎನ್ನಲು "ಸೋ ಕೆ ಮಾರ್ಕೊ ಪಾರ್ಲಾ" ಎನ್ನುತ್ತಾರೆ. "ಮಾತಾಡುತ್ತಾನೆ ಎಂದು ನನ್ನ ಅನಿಸಿಕೆ" ಎನ್ನಬೇಕಾದರೆ "ಪೆನ್ಸೊ ಕೆ ಮಾರ್ಕೊ ಪಾರ್ಲಿ". ಪಾರ್ಲಾ, ಪಾರ್ಲಿ. ಅಲ್ಲಿಯೂ ವ್ಯತ್ಯಾಸ ಕೊನೆಯ ಒಂದು ಸ್ವರದ್ದೇ! ಎರಡನೆಯ ರೂಪಕ್ಕೆ ಅವರು ಕೊಂಜುಂತೀವೊ ಎನ್ನುತ್ತಾರೆ. ಎಣಿಸು, ನಂಬು, ಅನ್ನಿಸು ಎಂಬರ್ಥದ ಕ್ರಿಯಾಪದಗಳ ಮುಂದೆ ಬರುವ ಉಪವಾಕ್ಯದಲ್ಲಿ ಈ ರೂಪವೇ ಇರಬೇಕೆಂದು ಶಾಲೆಯಲ್ಲಿ ಕಲಿಸುತ್ತಾರೆ. ಮಾತಿನಲ್ಲಿ ಅಲ್ಲಿಯ ಜನರೂ ಕೆಲವೊಮ್ಮೆ ಇದನ್ನು ಬಿಡುತ್ತಾರೆ. ಬಿಟ್ಟರೆ ತಿದ್ದುವ ಮೇಷ್ಟ್ರು ಅಲ್ಲಿದ್ದಾರೆ.

"ನಿಮ್ಮಜ್ಜಿ 'ಬಿದ್ದೀ' ಅಂತಿದ್ದಳಲ್ಲ, ಹೆಚ್ಚುಕಡಿಮಿ ಇದೂ ಅಂಥಾದ್ದ" ಎಂದೆ. ಆ ಹುಡುಗಿ ಸುಮ್ಮನಾದಳು. ಆಮೇಲೆ ತಾನೇ ಒಂದೊಂದಾಗಿ ಜೋಡಿಸುತ್ತ ಹೋದಳು. "ಮಿ ಸೆಂಬ್ರಾ" ಎನ್ನುತ್ತಾರಂತೆ, ಅದು ನಮ್ಮ "ನನಗ ಅನಸ್ತೈತಿ". ಅಲ್ಲಿಯೂ "ನಾನು" ಅಲ್ಲ, "ನನಗೆ", ಚತುರ್ಥಿಯೇ. ಹೋಗುವವನೂ ಎಣಿಸುವವನೂ ಒಬ್ಬನೇ ಆಗಿದ್ದರೆ ಅವರು ಪೂರ್ತಿ ಉಪವಾಕ್ಯ ಕಟ್ಟುವುದಿಲ್ಲ, "ಪೆನ್ಸೊ ದಿ ಅಂದಾರೆ" ಎಂದು ಮುಗಿಸುತ್ತಾರೆ. ನಾವು "ಹೋಗಬೇಕಂತ ಮಾಡೇನಿ" ಎನ್ನುವುದಿಲ್ಲವೇ? ಅಲ್ಲಿ "ಮಾಡು" ಎಂಬುದು ಕೈಯ ಕೆಲಸವಲ್ಲ, ಮನಸ್ಸಿನ ಕೆಲಸ.

ಎರಡೂ ಭಾಷೆಗಳ ಹಾದಿ ಒಂದೇ ಎಂದು ನಾನು ಹೇಳುತ್ತಿಲ್ಲ. ಇಟಾಲಿಯನ್ನಿನಲ್ಲಿ ಮುಖ್ಯ ಕ್ರಿಯಾಪದ ಉಪವಾಕ್ಯದ ಕ್ರಿಯಾಪದದ ರೂಪವನ್ನು ಬದಲಿಸುತ್ತದೆ. ನಮ್ಮ "ಬಂದಾನು" ಯಾರ ಅಪ್ಪಣೆಗೂ ಕಾಯದೆ ತಾನೇ ನಿಲ್ಲುತ್ತದೆ. ಎಣಿಕೆಗೂ ಅರಿವಿಗೂ ಇರುವ ಅಂತರವನ್ನು ತೋರಿಸಲು ಕನ್ನಡಕ್ಕೆ ಮತ್ತೊಂದು ದಾರಿಯೂ ಇದೆ. ಅದು ಉಪವಾಕ್ಯದ ಕಟ್ಟಡದಲ್ಲೇ ಇದೆ. ಅದನ್ನು ನಮ್ಮ ಪಠ್ಯಗಳು ಹೆಚ್ಚು ಚರ್ಚಿಸುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

"ಅಂವ ಸತ್ತದ್ದು ತಿಳೀತು." "ಅಂವ ಸತ್ತಾನಂತ ತಿಳದಿದ್ದೆ." ಎರಡರಲ್ಲೂ ಕ್ರಿಯಾಪದ "ತಿಳಿ" ಎಂಬುದೇ. ಆದರೆ ಮೊದಲನೆಯದರಲ್ಲಿ ಮನುಷ್ಯ ಸತ್ತಿದ್ದಾನೆ. ಎರಡನೆಯದರಲ್ಲಿ ಅವನು ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೂ ಆದಾನು. ಇಷ್ಟು ದೊಡ್ಡ ಅಂತರ ಎಲ್ಲಿಂದ ಬಂತು? "ಸತ್ತದ್ದು" ಎಂದಾಗ ಹೇಳುವವನು ಆ ಸಂಗತಿಗೆ ತಾನೇ ಜಾಮೀನು ನಿಲ್ಲುತ್ತಾನೆ. "ಅಂತ" ಎಂದಾಗ ಆ ಮಾತನ್ನು ಯಾರದೋ ಮನಸ್ಸಿನೊಳಗೆ, ಯಾರದೋ ಬಾಯೊಳಗೆ ಇಟ್ಟು ತಾನು ಹೊರಗೆ ನಿಲ್ಲುತ್ತಾನೆ. ಹಾಗಾಗಿಯೇ "ಅಂವ ಬಂದಾನಂತ ಅನಸ್ತೈತಿ" ಎನ್ನಬಹುದು, "ಅಂವ ಬಂದದ್ದು ಅನಸ್ತೈತಿ" ಎಂದು ಯಾವ ಕನ್ನಡಿಗನೂ ಅನ್ನುವುದಿಲ್ಲ. ಎಣಿಕೆಯ ಕ್ರಿಯಾಪದ ಜಾಮೀನಿನ ಉಪವಾಕ್ಯವನ್ನು ಹತ್ತಿರಕ್ಕೇ ಬಿಟ್ಟುಕೊಳ್ಳುವುದಿಲ್ಲ. ಡಿ. ಎನ್. ಶಂಕರ ಭಟ್ಟರು "ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ" ಎಂದು ಪುಸ್ತಕವನ್ನೇ ಬರೆದರು. ಅವರ ಎಲ್ಲ ವಾದಗಳನ್ನು ಒಪ್ಪದವರೂ ಇಂಥ ಜಾಗಕ್ಕೆ ಬಂದಾಗ ಆ ಶೀರ್ಷಿಕೆಯ ಮಾತನ್ನು ಒಪ್ಪಲೇಬೇಕು.

ನಂಬಿಕೆಯ ಮಾತಿಗೂ ಇದು ಸಲ್ಲುತ್ತದೆ. ಬನದ ಹುಣ್ಣಿವೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿಯ ಗುಡ್ಡಕ್ಕೆ ಬರುವ ತಾಯಿ "ಯಲ್ಲಮ್ಮನ್ನ ನಂಬೇನಿ" ಎನ್ನುತ್ತಾಳೆ. ಇನ್ನೊಂದು ಹೊತ್ತಿನಲ್ಲಿ "ಯಲ್ಲಮ್ಮ ಕೈ ಬಿಡೂದಿಲ್ಲಂತ ನಂಬೇನಿ" ಎನ್ನುತ್ತಾಳೆ. ಮೊದಲನೆಯದು ದೇವಿಯ ಮೇಲಿನ ಭಕ್ತಿ, ದ್ವಿತೀಯಾ ವಿಭಕ್ತಿ ಸಾಕು. ಎರಡನೆಯದು ಒಂದು ಸಂಗತಿಯ ಬಗೆಗಿನ ಭರವಸೆ, ಅದಕ್ಕೆ "ಅಂತ" ಬೇಕು. ಮಕ್ಕಳಿಗೆ ಇದನ್ನು ಹೇಳಿ ನೋಡಿರಿ, ಅವರ ಮುಖ ಅರಳುತ್ತದೆ. ವ್ಯಾಕರಣ ತಮ್ಮ ಮನೆಯೊಳಗೇ ಇದೆ ಎಂದು ಅವರಿಗೆ ಆಗ ಗೊತ್ತಾಗುತ್ತದೆ.

ಈಗ ನಮ್ಮ ಚರಿತ್ರೆಗೆ ಬರೋಣ. ಕಿತ್ತೂರು ಉತ್ಸವದ ಹೊತ್ತಿಗೆ ಪ್ರತಿ ಅಕ್ಟೋಬರಿನಲ್ಲಿ ನಿಮ್ಮ ಶಾಲೆಗಳಲ್ಲಿ ರಾಣಿ ಚನ್ನಮ್ಮನ ಕುರಿತು ಪ್ರಬಂಧ ಸ್ಪರ್ಧೆಗಳಾಗುತ್ತವೆ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗ ರುದ್ರಸರ್ಜ ತೀರಿಕೊಂಡ. ಸಂಸ್ಥಾನದವರು ದತ್ತಕ ಆಗಿದೆ ಎಂದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ನಂಬಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಒಂದು ಸಂಸ್ಥಾನದ ಅಳಿವು ಉಳಿವು ನಿಂತದ್ದೇ ಒಬ್ಬ ಅಧಿಕಾರಿಯ ನಂಬಿಕೆ, ಅಪನಂಬಿಕೆಗಳ ಮೇಲೆ. ಇದನ್ನು ಮಗು ಹೇಗೆ ಬರೆಯಬೇಕು? "ದತ್ತಕ ನಡೆದದ್ದನ್ನು ಥ್ಯಾಕರೆ ಒಪ್ಪಲಿಲ್ಲ" ಎಂದು ಬರೆದರೆ, ದತ್ತಕ ನಡೆದಿತ್ತು ಎಂದು ಬರೆಯುವವರೇ ಹೇಳಿದಂತಾಯಿತು. "ದತ್ತಕ ನಡೆದಿದೆ ಎಂಬುದನ್ನು ಥ್ಯಾಕರೆ ಒಪ್ಪಲಿಲ್ಲ" ಎಂದರೆ ಬರೆಯುವವರು ತಮ್ಮ ತೀರ್ಪನ್ನು ಕೊಡದೆ ಅವನ ನಿಲುವನ್ನು ಮಾತ್ರ ಹೇಳಿದಂತಾಯಿತು. "ದತ್ತಕ ಸುಳ್ಳೆಂದು ಥ್ಯಾಕರೆ ತಿಳಿದುಕೊಂಡ" ಎಂದರೆ ಅವನು ತಪ್ಪು ತಿಳಿದ ಎಂಬ ಧ್ವನಿಯೂ ಸೇರಿತು. ಮೂರೂ ಒಳ್ಳೆಯ ಕನ್ನಡವೇ. ಯಾವುದನ್ನು ಬರೆದರೆ ಏನು ಹೇಳಿದಂತಾಗುತ್ತದೆ ಎಂದು ತಿಳಿದು ಬರೆಯುವ ಮಗು ಚರಿತ್ರೆಯನ್ನು ಬರೆಯಬಲ್ಲದು.

ಹಾಗೆಯೇ, ಚನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರವರಿಯಲ್ಲಿ ತೀರಿಕೊಂಡದ್ದು ನಮಗೆ ಗೊತ್ತು. ಅವಳ ಸಮಾಧಿ ನಮ್ಮ ಊರಿನಲ್ಲೇ ಇದೆ. ಥ್ಯಾಕರೆಗೆ ಗುಂಡು ಹೊಡೆದವನು ಅಮಟೂರು ಬಾಳಪ್ಪ ಎಂದು ನಮ್ಮ ಜನ ತಲೆಮಾರುಗಳಿಂದ ಹೇಳುತ್ತ, ಹಾಡುತ್ತ ಬಂದಿದ್ದಾರೆ. ಒಂದು "ಗೊತ್ತು", ಇನ್ನೊಂದು "ಹೇಳುತ್ತ ಬಂದಿದ್ದಾರೆ". ಎರಡನೆಯದನ್ನು ಹಾಗೆ ಬರೆದರೆ ಬಾಳಪ್ಪನ ಮಾನ ಕಡಿಮೆಯಾಗುವುದಿಲ್ಲ. ಜನ ಒಬ್ಬನನ್ನು ಇಷ್ಟು ಕಾಲ ನೆನಪಿಟ್ಟರು ಎಂಬ ಮತ್ತೊಂದು ಸತ್ಯ ಅದಕ್ಕೆ ಸೇರುತ್ತದೆ. ಚನ್ನಮ್ಮ, ರಾಯಣ್ಣ, ಬೆಳವಡಿ ಮಲ್ಲಮ್ಮ ಇವರೆಲ್ಲ ನಮ್ಮ ಮಣ್ಣಿನವರು. ಅವರ ಬಗ್ಗೆ ಬರೆಯುವಾಗ ಕೈ ಬಿಗಿಹಿಡಿಯುವುದು ಕಷ್ಟ, ನನಗೆ ಗೊತ್ತು. ಹಾಗಿದ್ದರೂ ಅವರಿಗಾಗಿಯೇ ಬಿಗಿಹಿಡಿಯಬೇಕು.

ಹಳೆಯ ಚರಿತ್ರೆಗೆ ಮಾತ್ರವಲ್ಲ, ನಮ್ಮ ಕಣ್ಣೆದುರಿನ ಸಂಗತಿಗಳಿಗೂ ಈ ಮಾತು ಸಲ್ಲುತ್ತದೆ. 2019ರ ಆಗಸ್ಟ್ ನಿಮಗೆಲ್ಲ ನೆನಪಿದೆ. ಮಲಪ್ರಭೆ ತುಂಬಿ ಮುನವಳ್ಳಿಗೆ, ರಾಮದುರ್ಗಕ್ಕೆ ನುಗ್ಗಿದಳು. ನೇಕಾರರ ಮನೆಗಳಿಗೆ ನೀರು ಹೊಕ್ಕಿತು, ಮಗ್ಗದ ಕುಣಿಗಳು ರಾಡಿಯಿಂದ ತುಂಬಿದವು. ನಮ್ಮ ಬಳಗದವರು ರಾಮದುರ್ಗದಲ್ಲಿದ್ದಾರೆ. ಅವರ ಮನೆಯ ಹಿರಿಯರೊಬ್ಬರು ಫೋನಿನಲ್ಲಿ ನನಗೆ ಹೇಳಿದ ಮಾತು ಹೀಗಿತ್ತು: "ನವಿಲುತೀರ್ಥದಾಗಿಂದ ನೀರು ಬಿಟ್ಟಾರಂತ. ಎಷ್ಟು ಬಿಟ್ಟಾರೋ ಗೊತ್ತಿಲ್ಲ. ರಾತ್ರಿ ಇನ್ನೂ ಏರೀತು." ಒಂದೇ ಉಸಿರಿನಲ್ಲಿ ಕೇಳಿದ್ದು, ಗೊತ್ತಿಲ್ಲದ್ದು, ಊಹಿಸಿದ್ದು ಮೂರೂ ಬೇರೆಬೇರೆಯಾಗಿ ಬಂದವು. ಅದೇ ಹೊತ್ತಿಗೆ ವಾಟ್ಸಾಪಿನಲ್ಲಿ ಯಾರೋ ಹುಡುಗರು ಒಳ್ಳೆಯ ಗ್ರಾಂಥಿಕ ಕನ್ನಡದಲ್ಲಿ ಹಂಚಿದ ಸಂದೇಶ ಬಂತು: "ಡ್ಯಾಂ ಒಡೆದಿದೆ." ಒಡೆದಿರಲಿಲ್ಲ. ನೀರು ಬಿಟ್ಟದ್ದು ಮಾತ್ರ ನಿಜ. ಆ ಸಂದೇಶ ಓದಿ ನಮ್ಮ ಓಣಿಯ ಮುದುಕಿಯೊಬ್ಬರು ಅಲ್ಲಿರುವ ಮಗಳ ಹೆಸರು ಹಿಡಿದು ಗೋಳೋ ಎಂದು ಅತ್ತರು. ಬರೆದ ಹುಡುಗ ಕೆಟ್ಟವನಾಗಿರಲಿಕ್ಕಿಲ್ಲ. ಎಲ್ಲೋ ಕೇಳಿದ್ದನ್ನು ಬರೆದಿದ್ದಾನೆ. ಅಜ್ಜ "ಒಡದೇತಂತ" ಎನ್ನುತ್ತಿದ್ದ ಜಾಗದಲ್ಲಿ ಮೊಮ್ಮಗ "ಒಡೆದಿದೆ" ಎಂದು ಬರೆದ. ಬರವಣಿಗೆಯಲ್ಲಿ "ಅಂತ" ಹಾಕಬಾರದು, ಅದು ಆಡುಮಾತು ಎಂದು ಅವನಿಗೆ ಯಾರೋ ಕಲಿಸಿರಬೇಕು.

ಅದಕ್ಕೇ ನಿಮ್ಮಲ್ಲಿ ನನ್ನ ಮೊದಲ ಬೇಡಿಕೆ. ಮಗು "ಬಂದಾನಂತ" ಎಂದು ಬರೆದರೆ ಕೆಂಪು ಗೆರೆ ಎಳೆದು ಕೈ ಬಿಡಬೇಡಿರಿ. ಪಕ್ಕದಲ್ಲಿ "ಬಂದಿದ್ದಾನಂತೆ" ಎಂದು ಬರೆಯಿರಿ, "ಬಂದಿದ್ದಾನೆಂದು ಹೇಳುತ್ತಾರೆ" ಎಂದೂ ಬರೆದು ತೋರಿಸಿರಿ. ಆಡುಮಾತಿನ ರೂಪವನ್ನು ಹೊಡೆದುಹಾಕಿ ಬರೀ "ಬಂದಿದ್ದಾನೆ" ಎಂದು ತಿದ್ದಿದರೆ, ಭಾಷೆ ಶುದ್ಧವಾಗುತ್ತದೆ, ಮಾತು ಸುಳ್ಳಾಗುತ್ತದೆ. "ಅನಸ್ತೈತಿ"ಗೆ "ಅನಿಸುತ್ತದೆ" ಇದೆ. "ಹೋಗಬೇಕಂತ ಮಾಡೇನಿ" ಎಂಬುದಕ್ಕೆ "ಹೋಗಬೇಕೆಂದಿದ್ದೇನೆ" ಇದೆ. ಮಗುವಿನ ಮಾತಿನಲ್ಲಿರುವ ಪ್ರತಿಯೊಂದು ಸೂಕ್ಷ್ಮಕ್ಕೂ ಬರವಣಿಗೆಯ ಕನ್ನಡದಲ್ಲಿ ಜೋಡಿಯಿದೆ. ಆ ಜೋಡಿಯನ್ನು ಹುಡುಕಿ ಕೊಡುವುದೇ ನಮ್ಮ ಕಸುಬು.

ಇಂಗ್ಲಿಷ್ ಮಾಧ್ಯಮದಿಂದ ಬರುವ ಮಕ್ಕಳ ಬಗ್ಗೆ ಒಂದು ಮಾತು. ಅವರು "ನಾನು ಯೋಚಿಸುತ್ತೇನೆ ಅವನು ಒಳ್ಳೆಯವನು ಎಂದು" ಎಂದು ಬರೆಯತೊಡಗಿದ್ದಾರೆ. ಯೋಚಿಸುವುದು ಎಂದರೆ ಕುಳಿತು ವಿಚಾರ ಮಾಡುವುದು, ಅದಕ್ಕೆ ಹೊತ್ತು ಹಿಡಿಯುತ್ತದೆ. ಒಬ್ಬರ ಬಗ್ಗೆ ಮನಸ್ಸಿನಲ್ಲಿ ಮೂಡಿದ ಅಭಿಪ್ರಾಯ ಹೇಳುವಾಗ "ಅವನು ಒಳ್ಳೆಯವನು ಅನಿಸುತ್ತದೆ" ಎಂದರೆ ಸಾಕು. ಆ ಮಕ್ಕಳನ್ನು ಬೈಯಬೇಡಿರಿ, ಪಾಪ. ಮನೆಯಲ್ಲಿ ಅವರ ಅಜ್ಜಿ ಹೇಗೆ ಹೇಳುತ್ತಾರೆ ಎಂದು ಕೇಳಿರಿ, ಉತ್ತರ ಅವರಿಂದಲೇ ಬರುತ್ತದೆ.

ಸಂಭಾವನಾರ್ಥಕದ ಪಾಠ ಬಂದ ವಾರ, ಹೆಸರು ಹೇಳಿಸಿ ಬಿಡದೆ, ಮಕ್ಕಳಿಗೆ ಮನೆಗೆ ಹೋಗಿ ಹಿರಿಯರ ಬಾಯಿಂದ ಆ ರೂಪಗಳನ್ನು ಬರೆದುಕೊಂಡು ಬರಲು ಹೇಳಿರಿ. ಹೊಲದಲ್ಲಿ, ಮಗ್ಗದ ಮನೆಯಲ್ಲಿ, ಸಂತೆಯಲ್ಲಿ ಕೇಳಿದ್ದು ಯಾವುದಾದರೂ ಸರಿ. ಮರುದಿನ ಹಲಗೆಯ ಮೇಲೆ ಬರೆಸಿ, ಇದು ಅಂಜಿಕೆಯೋ ಆಸೆಯೋ ಬರೀ ಊಹೆಯೋ ಎಂದು ಅವರವರಲ್ಲೇ ಚರ್ಚೆಗೆ ಬಿಡಿರಿ. ನಾನು ಹಾಗೆ ಮಾಡಿಸಿದ ವರ್ಷ, ಹಿಂದಿನ ಬೆಂಚಿನಲ್ಲಿ ಕೂತು ಒಂದು ದಿನವೂ ಬಾಯಿ ಬಿಡದಿದ್ದ ಕುರುಬರ ಹುಡುಗನೊಬ್ಬ ಎಲ್ಲರಿಗಿಂತ ಹೆಚ್ಚು ವಾಕ್ಯ ತಂದಿದ್ದ. ಅದರಲ್ಲಿ ಒಂದು ನನಗೆ ಇನ್ನೂ ಬಾಯಿಪಾಠವಿದೆ: "ತ್ವಾಳ ಬಂದೀತು, ನಾಯಿ ಬಿಚ್ಚು." ಅವನ ತಾತ ಹಟ್ಟಿಯಲ್ಲಿ ದಿನಾ ರಾತ್ರಿ ಹೇಳುವ ಮಾತಂತೆ.

"ತಾನು" ಎಂಬುದನ್ನೂ ಮರೆಯಬೇಡಿರಿ. "ಬಸಪ್ಪ ತಾನು ಗೆಲ್ಲುತ್ತೇನೆಂದು ತಿಳಿದಿದ್ದಾನೆ" ಎನ್ನುವಾಗ ಗೆಲ್ಲುವವನು ಬಸಪ್ಪನೇ, ಬೇರೆ ಯಾರೂ ಅಲ್ಲ. "ಬಸಪ್ಪ ಅವನು ಗೆಲ್ಲುತ್ತಾನೆಂದು ತಿಳಿದಿದ್ದಾನೆ" ಎಂದರೆ ಗೆಲ್ಲುವವನು ಇನ್ನೊಬ್ಬ. ಮಕ್ಕಳು ಈಗ ಎಲ್ಲ ಕಡೆಗೂ "ಅವನು" ಎಂದೇ ಬರೆದು ಓದುಗರನ್ನು ಗೊಂದಲಕ್ಕೆ ಕೆಡಹುತ್ತಿದ್ದಾರೆ. ಒಂದು ಪಿರಿಯಡ್ ಕೊಟ್ಟರೆ ಇದು ಸರಿಹೋದೀತು.

ವಾರಕ್ಕೊಮ್ಮೆ ಪ್ರಾರ್ಥನೆಯ ಹೊತ್ತಿನಲ್ಲಿ ಪತ್ರಿಕೆ ಓದಿಸುತ್ತೀರಲ್ಲ, ಓದಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿರಿ: ಇದರಲ್ಲಿ ಬರೆದವರು ತಾವೇ ಹೇಳಿದ್ದು ಯಾವುದು, ಬೇರೆಯವರು ಹೇಳಿದ್ದಾರೆ ಎಂದದ್ದು ಯಾವುದು? ಪ್ರಶ್ನೆಪತ್ರಿಕೆ ತೆಗೆಯುವ ಹೊಣೆ ನಿಮ್ಮಲ್ಲಿ ಕೆಲವರ ಮೇಲಿದೆ. ಅವರಿಗೆ ನನ್ನ ವಿಶೇಷ ವಿನಂತಿ: "ಬಂದಾನು ಎಂಬುದು ಯಾವ ರೂಪ" ಎಂದು ಕೇಳುವ ಬದಲು, ಒಂದು ಸಂಗತಿಯನ್ನು ಕೊಟ್ಟು, ಅದನ್ನು ಕಂಡವನಂತೆ, ಕೇಳಿದವನಂತೆ, ಊಹಿಸುವವನಂತೆ ಮೂರು ವಾಕ್ಯ ಬರೆಯಲು ಹೇಳಿರಿ. ಮೂರು ಅಂಕ ಕೊಡಿರಿ. ಬಾಯಿಪಾಠ ಮಾಡಿ ಬರೆಯಲು ಬಾರದ ಪ್ರಶ್ನೆ ಅದು. ಬರುವ ಕಿತ್ತೂರು ಉತ್ಸವದ ಪ್ರಬಂಧ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗುವವರು "ಗೊತ್ತು", "ಹೇಳುತ್ತಾರೆ", "ನನಗನಿಸುತ್ತದೆ" ಇವನ್ನು ಬೇರೆಮಾಡಿ ಬರೆದ ಮಗುವಿಗೆ ನಾಲ್ಕು ಅಂಕ ಹೆಚ್ಚು ಕೊಡಿರಿ. ಅಲಂಕಾರದ ಮಾತುಗಳಿಗೆ ಕೊಡುವ ಅಂಕದಲ್ಲಿ ಅಷ್ಟು ಕಡಿಮೆ ಮಾಡಿದರೂ ನಡೆದೀತು.

ತಾಲೂಕು ಮಟ್ಟದಲ್ಲಿ ಕನ್ನಡ ಶಿಕ್ಷಕರ ಸಭೆಗಳು ನಡೆಯುವಾಗ ಒಂದು ತಾಸು ಈ ವಿಷಯಕ್ಕೆ ಮೀಸಲಿಟ್ಟರೆ, ನಾಲ್ಕರಲ್ಲಿ ಯಾವ ತಾಲೂಕಿಗಾದರೂ ನಾನು ಬರುತ್ತೇನೆ. ಬಸ್ಸಿನ ಖರ್ಚೂ ಬೇಡ, ಶಾಲು ಹಾರವೂ ಬೇಡ. ನಿಮ್ಮ ಮಕ್ಕಳು ಬರೆದ ಹತ್ತಿಪ್ಪತ್ತು ಪ್ರಬಂಧಗಳನ್ನು ತಂದಿರಿ, ಕೂಡಿ ಓದೋಣ.

ಇಂತಿ ತಮ್ಮ ವಿಶ್ವಾಸದ,
ನಿವೃತ್ತ ಕನ್ನಡ ಶಿಕ್ಷಕಿ
ಬೈಲಹೊಂಗಲ